ತುಡುವೆ ಪೆಟ್ಟಿಗೆಗೆ ಹೊಸ ರಾಣಿ

ಬೆಂಗಳೂರಿನ ಉತ್ತರಹಳ್ಳಿ, ಚಿಕ್ಕಲ್ಲಸಂದ್ರ, ಸುಬ್ರಮಣ್ಯಪುರದ ಕಡೆ ಮಹಡಿಯ ಮೇಲೆ ತುಡುವೆ ಜೇನಿನ ಪೆಟ್ಟಿಗೆ ಇಟ್ಟುಕೊಂಡವರು ಈಗ ಅಲ್ಲಲ್ಲಿ ಸಿಗುತ್ತಾರೆ. ಜಾಗವೂ ಅದಕ್ಕೆ ಒಗ್ಗುತ್ತದೆ. ಹಿತ್ತಿಲ ತೆಂಗಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಹೊಂಬಾಳೆ ಒಡೆದಿರುತ್ತದೆ. ಬೇಸಿಗೆ ಕಾಲಿಟ್ಟರೆ ರಸ್ತೆ ಬದಿಯ ಹೊಂಗೆ, ಬೇವು ಹೂವಾಗುತ್ತವೆ. ತುರಹಳ್ಳಿ ಕಾಡಿನ ಕುರುಚಲು ಹತ್ತಿರದಲ್ಲೇ ಇದೆ. ಮೊದಲ ವರ್ಷ ಪೆಟ್ಟಿಗೆ ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಎಂದಾದರೂ ಒಂದು ದಿನ ಬರುವ ಪ್ರಶ್ನೆ: "ರಾಣಿ ಕಾಣ್ತಾ ಇಲ್ಲ ಸಾರ್, ಹೊಸ ರಾಣಿ ಎಲ್ಲಿ ಸಿಗುತ್ತೆ?"

ರಾಣಿಯನ್ನು ಹುಡುಕಿಕೊಂಡು ಹೊರಡುವ ಮೊದಲು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಬೇಕಾದದ್ದು ತುಂಬ ಇದೆ. ಹೊಸ ರಾಣಿಯನ್ನು ಒಳಗೆ ಬಿಡುವುದು ನಿಮಿಷದ ಕೆಲಸ. ಅದನ್ನು ಒಪ್ಪುವುದೋ ಕೊಲ್ಲುವುದೋ ಸಾವಿರಾರು ಕೆಲಸಗಾರ ನೊಣಗಳಿಗೆ ಬಿಟ್ಟದ್ದು. ಅವು ಆ ಹೊತ್ತಿಗೆ ಯಾವ ಸ್ಥಿತಿಯಲ್ಲಿವೆ ಎಂದು ತಿಳಿಯದೆ ಎಷ್ಟು ಒಳ್ಳೆಯ ರಾಣಿಯನ್ನು ತಂದು ಬಿಟ್ಟರೂ ಮರುದಿನ ಅಡಿಮಣೆಯ ಮೇಲೆ ಅದರ ಹೆಣ ಸಿಗಬಹುದು.

ಒಂದು ಕುಟುಂಬಕ್ಕೆ ರಾಣಿ ಒಂದೇ. ಕೋಶದಿಂದ ಹೊರಬಂದು ಕೆಲವು ದಿನಗಳಲ್ಲಿ ಅದು ಹೊರಗೆ ಹಾರಿ, ಗಾಳಿಯಲ್ಲೇ ಹಲವು ಗಂಡು ನೊಣಗಳೊಡನೆ ಕೂಡುತ್ತದೆ. ಆಗ ಸಿಕ್ಕ ವೀರ್ಯವನ್ನು ಹೊಟ್ಟೆಯೊಳಗಿನ ಪುಟ್ಟ ಚೀಲದಲ್ಲಿ ಕೂಡಿಟ್ಟುಕೊಂಡು ಉಳಿದ ಬಾಳೆಲ್ಲ ಬಳಸುತ್ತದೆ. ವೀರ್ಯ ಸೇರಿದ ಮೊಟ್ಟೆಯಿಂದ ಹೆಣ್ಣು, ಸೇರದ ಮೊಟ್ಟೆಯಿಂದ ಗಂಡು. ಕೆಲಸಗಾರ ನೊಣ ದುಡಿಮೆಯ ಕಾಲದಲ್ಲಿ ಆರು ವಾರ ಬಾಳಿದರೆ ಹೆಚ್ಚು. ರಾಣಿ ಎರಡು ಮೂರು ವರ್ಷ ಬಾಳುತ್ತದೆ. ವಯಸ್ಸಾಗಿ ಕೂಡಿಟ್ಟ ವೀರ್ಯ ಮುಗಿಯುತ್ತ ಬಂದಂತೆ ಮೊಟ್ಟೆ ಕಡಿಮೆಯಾಗುತ್ತದೆ, ಕೆಲಸಗಾರರ ಕಣದಲ್ಲೂ ಗಂಡುಮರಿಗಳು ಕಾಣಿಸಿಕೊಳ್ಳುತ್ತವೆ. ರಾಣಿಯನ್ನು ಬದಲಿಸುವ ಮಾತು ಬರುವುದು ಆಗ.

ರಾಣಿ ಇದೆಯೋ ಇಲ್ಲವೋ ಎಂಬುದು ನೊಣಗಳಿಗೆ ಗೊತ್ತಾಗುವುದು ವಾಸನೆಯಿಂದ. ಪೆಟ್ಟಿಗೆಯೊಳಗಿನ ಕತ್ತಲಲ್ಲಿ ಕಣ್ಣು ಯಾವ ಕೆಲಸಕ್ಕೂ ಬಾರದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಕಾಲಿನ್ ಬಟ್ಲರ್ 1950ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ರಾಣಿಯ ದವಡೆಯ ಗ್ರಂಥಿಗಳಿಂದ ಒಸರುವ ಒಂದು ದ್ರವ್ಯವನ್ನು ಸುತ್ತಲಿನ ನೊಣಗಳು ನೆಕ್ಕಿ, ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ದಾಟಿಸುತ್ತ ಇಡೀ ಕುಟುಂಬಕ್ಕೆ ಹಂಚುತ್ತವೆ. ಈ ಹಂಚಿಕೆ ನಿಂತ ಕೆಲವೇ ಗಂಟೆಗಳಲ್ಲಿ ಪೆಟ್ಟಿಗೆಯ ಸದ್ದು ಬದಲಾಗುತ್ತದೆ. ಒಂದೇ ಹದದಲ್ಲಿದ್ದ ಗುಂಯ್‌ಗುಡುವಿಕೆ ಎಳೆದೆಳೆದು ಏಳುತ್ತದೆ, ನೊಣಗಳು ಎರಿಯ ಮೇಲೆ ನಿಂತಲ್ಲಿ ನಿಲ್ಲದೆ ಓಡಾಡುತ್ತವೆ. ಅನುಭವಿಗಳು ಪೆಟ್ಟಿಗೆಗೆ ಕಿವಿಗೊಟ್ಟೇ ರಾಣಿ ಇಲ್ಲವೆಂದು ಹೇಳಬಲ್ಲರು.

ಸದ್ದು ತಿಳಿಯದವರಿಗೆ ಮೊಟ್ಟೆಯೇ ಸಾಕ್ಷಿ. ಬಿಸಿಲಿಗೆ ಬೆನ್ನು ಮಾಡಿ ನಿಂತು, ಮರಿ ಬೆಳೆಯುವ ಸಂಸಾರ ಕೋಣೆಯ ನಡುವಿನ ಚೌಕಟ್ಟನ್ನು ಮೇಲೆತ್ತಿ, ಬೆಳಕು ಕಣಗಳ ತಳಕ್ಕೆ ಬೀಳುವಂತೆ ಓರೆ ಮಾಡಿ ನೋಡಬೇಕು. ಜೇನಿನ ಮೊಟ್ಟೆ ಮೂರು ದಿನಕ್ಕೆ ಒಡೆದು ಮರಿಯಾಗುತ್ತದೆ. ಕಣದ ತಳದಲ್ಲಿ ನೆಟ್ಟಗೆ ಒಂದೊಂದೇ ಮೊಟ್ಟೆ ಕಂಡರೆ, ಮೂರು ದಿನದ ಹಿಂದಿನವರೆಗಾದರೂ ರಾಣಿ ಆ ಪೆಟ್ಟಿಗೆಯಲ್ಲಿತ್ತು ಎಂದೇ ಲೆಕ್ಕ. ರಾಣಿ ಕಣ್ಣಿಗೆ ಬೀಳಲಿಲ್ಲವೆಂದು ಹೆದರಬೇಕಾಗಿಲ್ಲ. ತುಡುವೆಯ ರಾಣಿ ಅಂಜುಬುರುಕ. ಚೌಕಟ್ಟು ಎತ್ತುತ್ತಿದ್ದಂತೆ ಬೆಳಕಿಗೆ ಬೆನ್ನು ಹಾಕಿ ಮೂಲೆ ಸೇರುತ್ತದೆ. ರಾಣಿ ಸತ್ತಿತೆಂದು ನಂಬಿ, ರಾಣಿ ಇರುವ ಪೆಟ್ಟಿಗೆಗೇ ಇನ್ನೊಂದನ್ನು ತಂದು ಬಿಟ್ಟರೆ ಎರಡರಲ್ಲಿ ಒಂದಂತೂ ಸಾಯುತ್ತದೆ.

ರಾಣಿ ನಿಜಕ್ಕೂ ಇಲ್ಲ, ಆದರೆ ಎರಿಯಲ್ಲಿ ಮೊಟ್ಟೆಯೂ ಎಳೆಯ ಮರಿಯೂ ಇವೆ ಎಂದರೆ ಆತುರ ಬೇಡ. ಕುಟುಂಬ ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ. ಕೆಲಸಗಾರ ನೊಣವೂ ರಾಣಿಯೂ ಒಂದೇ ಬಗೆಯ ಮೊಟ್ಟೆಯಿಂದ ಹುಟ್ಟುವಂಥವು. ವ್ಯತ್ಯಾಸವೆಲ್ಲ ಆರೈಕೆಯಲ್ಲಿದೆ. ಕೆಲವು ಎಳೆಯ ಮರಿಗಳನ್ನು ಆಯ್ದು, ಅವುಗಳ ಕಣವನ್ನು ಉದ್ದಕ್ಕೆ ಕೆಳಮುಖವಾಗಿ ಬೆಳೆಸಿ, ರಾಜಶಾಹಿ ರಸವನ್ನು ಧಾರಾಳವಾಗಿ ಉಣಿಸಿ ನೊಣಗಳು ರಾಣಿಯನ್ನು ಮಾಡಿಕೊಳ್ಳುತ್ತವೆ. ಮೊಟ್ಟೆಯಿಟ್ಟ ದಿನದಿಂದ ಎಣಿಸಿದರೆ ರಾಣಿ ಹೊರಬರಲು ಹದಿನಾರು ದಿನದ ಆಸುಪಾಸು. ಎಳೆಯ ಮರಿಯಿಂದಲೇ ಶುರುವಾದರೆ ಹನ್ನೆರಡು ದಿನ ಸಾಕು. ಕೂಡಿ ಬಂದು ಮೊಟ್ಟೆಯಿಡಲು ಇನ್ನೂ ಒಂದೂವರೆ ಎರಡು ವಾರ. ತಿಂಗಳ ಮಟ್ಟಿಗೆ ಕಾಯುವ ತಾಳ್ಮೆ ಇದ್ದರೆ ಹೊರಗಿನ ರಾಣಿಯೇ ಬೇಕಾಗಿಲ್ಲ.

ಕಾಯುವ ಈ ತಿಂಗಳಲ್ಲಿ ಸಾಕುವವರು ಮರೆಯಬಾರದ ಒಂದು ಸಂಗತಿ ಇದೆ. ತುಡುವೆ ಪರಾರಿಯಾಗುವ ಜಾತಿ. ಅದಕ್ಕೆಂದೇ ಪೆಟ್ಟಿಗೆ ತಂದ ಹೊಸದರಲ್ಲಿ ರಾಣಿ ಹೊರಹೋಗದಂತೆ ಬಾಗಿಲಿಗೆ ಸಣ್ಣ ಕಂಡಿಯ ಗೇಟು ಸಿಕ್ಕಿಸುತ್ತಾರೆ. ಕೆಲಸಗಾರ ನೊಣಗಳು ನುಸುಳುತ್ತವೆ, ರಾಣಿ ನುಸುಳಲಾರದು. ಕನ್ಯೆ ರಾಣಿ ಹುಟ್ಟುವ ಹೊತ್ತಿಗೂ ಆ ಗೇಟು ಅಲ್ಲೇ ಉಳಿದರೆ ಅದು ಕೂಡಲು ಹೊರಗೆ ಹಾರುವುದು ಹೇಗೆ? ಕೂಡದೆ ಉಳಿದ ರಾಣಿ ಕೊನೆಗೆ ಗಂಡುಮೊಟ್ಟೆಗಳನ್ನಷ್ಟೇ ಇಟ್ಟು ಕುಟುಂಬವನ್ನು ಮುಗಿಸುತ್ತದೆ. ಹೊರಗೆ ಹಾರಿದ ರಾಣಿಯೂ ತಿರುಗಿ ಬರುತ್ತದೆಂಬ ಖಾತ್ರಿ ಇಲ್ಲ. ತಂತಿಯ ಮೇಲೆ ಕೂತು ಕಾಯುವ ಕಾಜಾಣ, ಕಳ್ಳಿಪೀರಗಳು ನೊಣ ಹಿಡಿಯುವುದರಲ್ಲಿ ನಿಪುಣ ಹಕ್ಕಿಗಳು. ರಾಣಿ ಕೂಡಬೇಕಾದ ಗಂಡು ನೊಣಗಳೂ ಬೇರೆ ಕುಟುಂಬದವಾಗಿರಬೇಕು. ಹಳೆಯ ಮರದ ಪೊಟರೆಯಲ್ಲಿ, ಕಲ್ಲುಗೋಡೆಯ ಸಂದಿನಲ್ಲಿ, ಕೆಲವೊಮ್ಮೆ ಕರೆಂಟಿನ ಮೀಟರ್ ಡಬ್ಬಿಯಲ್ಲಿ ಗೂಡು ಕಟ್ಟಿರುವ ಕಾಡು ತುಡುವೆಗಳು ಆ ಗಂಡುಗಳನ್ನು ಒದಗಿಸುತ್ತವೆ. ಒಂದು ಬಡಾವಣೆಯಲ್ಲಿ ಹಳೆಯ ಮರ ಉರುಳಿದರೆ ನಮ್ಮ ಪೆಟ್ಟಿಗೆಯ ಮುಂದಿನ ರಾಣಿಗೂ ಅದರ ಪೆಟ್ಟು ತಟ್ಟುತ್ತದೆ. ಮೀಟರ್ ಡಬ್ಬಿಯ ಗೂಡಿಗೆ ಔಷಧ ಸಿಂಪಡಿಸುವವರನ್ನು ಕರೆಸುವ ಮೊದಲು, ಅದನ್ನು ಪೆಟ್ಟಿಗೆಗೆ ಇಳಿಸಬಲ್ಲವರನ್ನು ಕರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಎಳೆಯ ಮರಿ ಇಲ್ಲದ ಪೆಟ್ಟಿಗೆಯ ಕಥೆ ಬೇರೆ. ಅಲ್ಲಿ ಹೊಸ ರಾಣಿಯನ್ನು ಮಾಡಿಕೊಳ್ಳಲು ಕಚ್ಚಾ ಸಾಮಗ್ರಿಯೇ ಇಲ್ಲ. ರಾಣಿಯ ವಾಸನೆಯೂ ಮರಿಗಳ ವಾಸನೆಯೂ ಇಲ್ಲದಾದಾಗ ಕೆಲಸಗಾರ ನೊಣಗಳ ಮುದುಡಿದ್ದ ಅಂಡಾಶಯ ಬೆಳೆಯತೊಡಗುತ್ತದೆ, ಅವೇ ಮೊಟ್ಟೆಯಿಡಲು ಶುರು ಮಾಡುತ್ತವೆ. ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ ಇದಕ್ಕೆ ಮೂರು ವಾರದ ಮೇಲೆ ಬೇಕು, ನಮ್ಮ ತುಡುವೆಯಲ್ಲಿ ಬಹಳ ಬೇಗ ಆಗಿಬಿಡುತ್ತದೆ. ಗುರುತು ಸುಲಭ. ಕೆಲಸಗಾರ ನೊಣದ ಹೊಟ್ಟೆ ಗಿಡ್ಡ, ಕಣದ ತಳ ಮುಟ್ಟುವುದಿಲ್ಲ. ಮೊಟ್ಟೆಗಳು ಕಣದ ಗೋಡೆಗೆ ಅಂಟಿರುತ್ತವೆ, ಒಂದೇ ಕಣದಲ್ಲಿ ನಾಲ್ಕೈದು ಇರುತ್ತವೆ. ಹುಟ್ಟುವುದೆಲ್ಲ ಗಂಡು. ಇಂಥ ಕುಟುಂಬಕ್ಕೆ ದುಡ್ಡು ಕೊಟ್ಟು ರಾಣಿ ತಂದು ಬಿಡುವುದು ರಾಣಿಯನ್ನು ಕೊಂದಂತೆಯೇ. ಇನ್ನೊಂದು ಪೆಟ್ಟಿಗೆಯಿಂದ ಎಳೆಮರಿ ಇರುವ ಚೌಕಟ್ಟು ತಂದು ಕೊಡಬೇಕು, ಒಂದು ಸಲಕ್ಕೆ ಸಾಲದಿದ್ದರೆ ಮತ್ತೊಂದು ಸಲ. ಇಲ್ಲವೇ ನಡುವೆ ಸಣ್ಣ ತೂತು ಮಾಡಿದ ಪೇಪರ್ ಹಾಳೆ ಇಟ್ಟು ರಾಣಿ ಇರುವ ಬೇರೆ ಕುಟುಂಬದೊಡನೆ ಸೇರಿಸಿಬಿಡಬೇಕು. ನೊಣಗಳು ಪೇಪರನ್ನು ಕಚ್ಚಿ ಹರಿದು ಮುಗಿಸುವಷ್ಟರಲ್ಲಿ ಎರಡರ ವಾಸನೆಯೂ ಬೆರೆತಿರುತ್ತದೆ.

ಹೊಸ ರಾಣಿಯನ್ನು ಕೊಡಲೇಬೇಕಾದ ಸಂದರ್ಭಕ್ಕೆ ಈಗ ಬರೋಣ. ರಾಣಿ ಮುದಿಯಾಗಿದೆ, ಅಥವಾ ಎರಿಯಲ್ಲಿ ಮರಿ ಚುಕ್ಕೆ ಚುಕ್ಕೆಯಾಗಿ ಹರಡಿದೆ, ಅಥವಾ ಮೂರು ನಾಲ್ಕು ದಿನದ ಹಿಂದೆ ರಾಣಿ ಸತ್ತಿದೆ. ಬೇರೊಂದು ಪೆಟ್ಟಿಗೆಯಿಂದ ಮೊಟ್ಟೆಯಿಡುತ್ತಿರುವ ರಾಣಿ ಸಿಕ್ಕಿದೆ. ಬಿಡುವುದು ಹೇಗೆ?

ಇದರ ಮೊದಲ ಪಾಠವನ್ನು ಕಲಿಸಿದವರು ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಯೂಬೆರ್. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಸಹಾಯಕ ಫ್ರಾಂಸ್ವಾ ಬುರ್ನೆನ್ಸ್ ನೋಡಿ ಹೇಳಿದ್ದನ್ನು ಕೇಳಿ, ಮತ್ತೆ ಪ್ರಶ್ನಿಸಿ, ಮತ್ತೆ ನೋಡಿಸಿ ಅವರು ಬರೆದ ಜೇನಿನ ಅವಲೋಕನಗಳು 1792ರಲ್ಲಿ ಪುಸ್ತಕವಾಗಿ ಬಂದವು. ಹಳೆಯ ರಾಣಿಯನ್ನು ತೆಗೆದ ಹನ್ನೆರಡು ಗಂಟೆಯೊಳಗೆ ಹೊರಗಿನ ರಾಣಿಯನ್ನು ಬಿಟ್ಟರೆ ನೊಣಗಳು ಅದನ್ನು ಮುತ್ತಿ ಸೆರೆಹಿಡಿಯುತ್ತವೆ, ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ಬಿಟ್ಟರೆ ಸ್ವಾಗತಿಸುತ್ತವೆ ಎಂಬುದನ್ನು ಅವರು ಕಂಡುಕೊಂಡರು. ಇನ್ನೂರು ವರ್ಷ ದಾಟಿದರೂ ಇದರ ತಿರುಳು ಹಾಗೇ ಇದೆ. ತನಗೆ ರಾಣಿ ಇಲ್ಲವೆಂದು ಕುಟುಂಬಕ್ಕೆ ಮೊದಲು ಗೊತ್ತಾಗಬೇಕು. ಆದರೆ ಅತಿಯಾಗಿ ಕಾದರೆ ನೊಣಗಳು ತಾವೇ ರಾಣಿಕೋಶ ಕಟ್ಟಲು ತೊಡಗಿರುತ್ತವೆ, ಆಗಲೂ ಹೊರಗಿನದು ಬೇಡವಾಗುತ್ತದೆ. ಆದ್ದರಿಂದ ಹಳೆಯ ರಾಣಿಯನ್ನು ತೆಗೆದು ಒಂದು ದಿನ ಬಿಡಬೇಕು. ಆಮೇಲೆ ಪ್ರತಿ ಚೌಕಟ್ಟಿನ ಅಂಚನ್ನೂ ಮುಖವನ್ನೂ ಹುಡುಕಿ, ಕಟ್ಟಿದ ರಾಣಿಕೋಶ ಒಂದೂ ಉಳಿಯದಂತೆ ತೆಗೆದು, ಹೊಸ ರಾಣಿಯನ್ನು ಪಂಜರದಲ್ಲಿ ಕೊಡಬೇಕು.

ರಾಣಿಪಂಜರ ಎಂದರೆ ಬೆಂಕಿಪೊಟ್ಟಣದಷ್ಟು ಸಣ್ಣ ಗೂಡು, ಒಂದು ಬದಿಗೆ ತಂತಿಯ ಬಲೆ. ಅದರ ಬಾಯಿಗೆ ಪುಡಿಸಕ್ಕರೆಯನ್ನು ಜೇನುತುಪ್ಪದಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ ತುಂಬಿ, ಮೊದಲಿಗೆ ಮುಚ್ಚಿಡುತ್ತಾರೆ. ರಾಣಿಯ ಜೊತೆ ಅದರ ಹಳೆಯ ಮನೆಯ ಕೆಲಸಗಾರರು ಬಂದಿದ್ದರೆ ಅವನ್ನು ಬಿಡಿಸಿ ರಾಣಿಯೊಂದನ್ನೇ ಪಂಜರದಲ್ಲಿ ಉಳಿಸುವುದು ಒಳ್ಳೆಯದು, ಜಗಳ ಹತ್ತುವುದು ಅವುಗಳಿಂದಲೇ. ಪಂಜರವನ್ನು ಮರಿ ಇರುವ ಎರಡು ಎರಿಗಳ ನಡುವೆ, ಬಲೆ ನೊಣಗಳ ಕಡೆಗೆ ತೆರೆದಿರುವಂತೆ ತೂಗುಹಾಕಬೇಕು. ಮರಿ ಇರುವಲ್ಲೇ ಏಕೆಂದರೆ ಅಲ್ಲಿರುವುದು ಎಳೆಯ ದಾದಿ ನೊಣಗಳು. ಅವು ರಾಣಿಗೆ ಬೇಗ ಒಲಿಯುತ್ತವೆ. ಮೇವಿಗೆ ಹೋಗಿ ಬರುವ ಹಳೆಯ ನೊಣಗಳೇ ಕಟುವಾಗಿ ವರ್ತಿಸುವಂಥವು. ಸಂಜೆಯ ಹೊತ್ತು ಈ ಕೆಲಸಕ್ಕೆ ಮೇಲು. ಹೊರಗೆ ಹೂವಿಲ್ಲದ ದಿನಗಳಾದರೆ ಸಕ್ಕರೆಪಾಕ ಕೊಡುತ್ತಿರಬೇಕು. ಹಸಿದ ಕುಟುಂಬ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ.

ಎರಡು ಮೂರು ದಿನ ಕಳೆದು ಪಂಜರ ಎತ್ತಿ ನೋಡುವ ಗಳಿಗೆಯೇ ಈ ಇಡೀ ಕೆಲಸದ ತಿರುವು. ಬಲೆಯ ಮೇಲಿನ ನೊಣಗಳನ್ನು ಬೆರಳಿಂದ ಮೆಲ್ಲಗೆ ಸರಿಸಿ. ಸಲೀಸಾಗಿ ಸರಿದರೆ, ಬಲೆಯ ಕಂಡಿಯಿಂದ ನಾಲಗೆ ಚಾಚಿ ರಾಣಿಗೆ ಉಣಿಸುತ್ತಿದ್ದರೆ, ಒಪ್ಪಿಗೆಯಾಗಿದೆ. ಪದರ ಪದರವಾಗಿ ಅಂಟಿಕೊಂಡು, ಬಲೆಯ ತಂತಿಯನ್ನು ಕಚ್ಚುತ್ತ, ಸರಿಸಿದರೂ ಬಿಡದಿದ್ದರೆ ಇನ್ನೂ ಕೋಪ ಆರಿಲ್ಲ. ಆಗ ಪೆಟ್ಟಿಗೆಯಲ್ಲಿ ಎಲ್ಲೋ ತಪ್ಪಿಹೋದ ರಾಣಿಕೋಶವೋ ಕನ್ಯೆ ರಾಣಿಯೋ ಇದೆಯೇ ಎಂದು ಮತ್ತೆ ಹುಡುಕಬೇಕು, ಪಂಜರವನ್ನು ಇನ್ನೂ ಎರಡು ದಿನ ಮುಚ್ಚಿಯೇ ಇಡಬೇಕು. ಒಪ್ಪಿಗೆ ಕಂಡರೆ ಮಾತ್ರ ಸಕ್ಕರೆ ತುಂಬಿದ ಬಾಯನ್ನು ಅವಕ್ಕೆ ತೆರೆದುಕೊಡುವುದು. ತಾವೇ ಅದನ್ನು ತಿಂದು ದಾರಿ ಮಾಡಿ ರಾಣಿಯನ್ನು ಬಿಡಿಸಿಕೊಳ್ಳುತ್ತವೆ.

ಒಪ್ಪದ ರಾಣಿಯನ್ನು ಕೊಲ್ಲಲು ನೊಣಗಳು ಕುಟುಕುವುದಕ್ಕಿಂತ ಹೆಚ್ಚಾಗಿ ಉಂಡೆ ಕಟ್ಟುತ್ತವೆ. ಹತ್ತಾರು ನೊಣಗಳು ರಾಣಿಯನ್ನು ನಡುವೆ ಹಾಕಿಕೊಂಡು ಬಿಗಿಯಾಗಿ ಮುತ್ತಿ ಬಿಸಿ ಎಬ್ಬಿಸುತ್ತವೆ. ತುಡುವೆಯ ಜಾತಿಯದೇ ಆದ ಜಪಾನಿನ ಜೇನು ಕಣಜವನ್ನು ಕೊಲ್ಲಲು ಕಟ್ಟುವ ಉಂಡೆಯೊಳಗಿನ ಬಿಸಿಯನ್ನು ಅಲ್ಲಿನ ಸಂಶೋಧಕರು ಅಳೆದಿದ್ದಾರೆ. ಅದು 46, 47 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ರಾಣಿಯ ಸುತ್ತ ಉಂಡೆ ಕಂಡರೆ ಕಡ್ಡಿಯಿಂದ ಬಿಡಿಸಲು ಹೋಗಬೇಡಿ, ರಾಣಿಯ ಕಾಲು ಮುರಿಯುತ್ತದೆ. ಉಂಡೆಯನ್ನು ಹಾಗೇ ಎತ್ತಿ ಒಂದು ಬಟ್ಟಲು ತಣ್ಣೀರಿಗೆ ಹಾಕಿದರೆ ನೊಣಗಳು ತಾವಾಗಿ ಬಿಡುತ್ತವೆ. ರಾಣಿಯನ್ನು ಎತ್ತಿ ಮತ್ತೆ ಪಂಜರಕ್ಕೆ ಹಾಕಬಹುದು.

ಎಳೆಯ ನೊಣಗಳು ಎಷ್ಟರ ಮಟ್ಟಿಗೆ ಹೊಸ ರಾಣಿಗೆ ಒಲಿಯುತ್ತವೆ ಎಂಬುದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗಕ್ಕಿಂತ ದೊಡ್ಡ ಪುರಾವೆ ಬೇಡ. ಮೆಲ್ಲಿಫೆರಾ ಜೇನನ್ನು ಭಾರತಕ್ಕೆ ತಂದು ಸಾಕುವ ಯತ್ನಗಳು 19ನೇ ಶತಮಾನದ ಕೊನೆಯಿಂದ ಹಲವು ಸಲ ನಡೆದು ವಿಫಲವಾಗಿದ್ದವು. 1962ರಲ್ಲಿ, ಆಗ ಪಂಜಾಬಿಗೆ ಸೇರಿದ್ದ, ಈಗ ಹಿಮಾಚಲದ ಕಾಂಗ್ರಾ ಜಿಲ್ಲೆಯಲ್ಲಿರುವ ನಗ್ರೋಟಾ ಬಗವಾನ್‌ನಲ್ಲಿ ಎ. ಎಸ್. ಅಟ್ವಾಲ್ ಮತ್ತು ಅವರ ಸಂಗಡಿಗರು ಇದನ್ನು ಸಾಧಿಸಿದರು. ಅವರು ತರಿಸಿದ ಮೆಲ್ಲಿಫೆರಾ ರಾಣಿಗಳನ್ನು, ರಾಣಿ ತೆಗೆದ ತುಡುವೆ ಜಾತಿಯ ನೊಣಗಳಿಗೆ ಕೊಟ್ಟರು. ಮುಖ್ಯ ಗುಟ್ಟು ಇದ್ದದ್ದು ಕೋಶದಿಂದ ಆಗತಾನೇ ಹೊರಬರುತ್ತಿರುವ ಮರಿಗಳ ಎರಿಯಲ್ಲಿ. ಯಾವ ರಾಣಿಯ ವಾಸನೆಯನ್ನೂ ಇನ್ನೂ ಮೈಗೂಡಿಸಿಕೊಳ್ಳದ ಆ ಎಳೆಯ ನೊಣಗಳು ಬೇರೆ ಜಾತಿಯ ರಾಣಿಯನ್ನೇ ತಮ್ಮದೆಂದು ಉಣಿಸಿ ಸಾಕಿದವು. ರಾಣಿ ಇಟ್ಟ ಮೊಟ್ಟೆಗಳಿಂದ ಮೆಲ್ಲಿಫೆರಾ ನೊಣಗಳು ಹುಟ್ಟಿ, ತುಡುವೆಗಳು ಆಯಸ್ಸು ತೀರಿ ಕಡಿಮೆಯಾಗಿ, ಕುಟುಂಬ ಪೂರ್ತಿ ಬದಲಾಯಿತು. ಇಂದು ಉತ್ತರ ಭಾರತದ ಸಾಸಿವೆ ಹೊಲಗಳಲ್ಲಿ ಸಾಲುಗಟ್ಟಿ ನಿಲ್ಲುವ ಮೆಲ್ಲಿಫೆರಾ ಪೆಟ್ಟಿಗೆಗಳ ಹಿಂದೆ ಹೀಗೆ ರಾಣಿಯನ್ನು ಒಪ್ಪಿಸಿದ ಕೈಚಳಕವಿದೆ. ಮಹಡಿಯ ಮೇಲೆ ತುಡುವೆ ಸಾಕುವವರಿಗೆ ಇದರಿಂದ ಸಿಗುವ ಉಪಾಯವೂ ಸರಳ. ಕುಟುಂಬ ದೊಡ್ಡದು, ಕೋಪಿಷ್ಠ ಎಂದಾದರೆ, ಹೊರಬರಲಿರುವ ಮರಿಯ ಒಂದೆರಡು ಚೌಕಟ್ಟನ್ನು ಬೇರೆ ಸಣ್ಣ ಪೆಟ್ಟಿಗೆಗೆ ಹಾಕಿ ಹೊಸ ರಾಣಿಯನ್ನು ಅಲ್ಲಿಗೆ ಕೊಡಿ, ಅದು ನೆಲೆಯೂರಿದ ಮೇಲೆ ಎರಡನ್ನೂ ಸೇರಿಸಿ.

ರಾಣಿ ಎಲ್ಲಿಯದಾಗಿರಬೇಕು ಎಂಬ ಪ್ರಶ್ನೆಯಲ್ಲಿ ನನ್ನ ನಿಲುವು ಗಟ್ಟಿ. ದೂರದಿಂದ ತರಿಸಬೇಡಿ. 1991, 92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕ, ಕೇರಳದ ತುಡುವೆ ಕುಟುಂಬಗಳನ್ನು ಬಡಿದಾಗ, ಕೊಡಗು, ದಕ್ಷಿಣ ಕನ್ನಡದಂಥ ಜೇನಿನ ಸೀಮೆಗಳಲ್ಲಿ ಸಾಲು ಸಾಲು ಪೆಟ್ಟಿಗೆಗಳು ಬರಿದಾದವು. ಜೇನನ್ನೇ ನಂಬಿದ ಎಷ್ಟೋ ಮನೆಗಳು ಆ ಕಸುಬನ್ನೇ ಕೈಬಿಟ್ಟವು. ಮರಿ ಕೋಶದೊಳಗೇ ನೀರುಚೀಲದಂತಾಗಿ ಸಾಯುವ ಈ ರೋಗಕ್ಕೆ ಮದ್ದಿಲ್ಲ. ಆಗ ಉಪಯೋಗಕ್ಕೆ ಬಂದ ಮಾರ್ಗಗಳಲ್ಲೊಂದು ರಾಣಿಯದೇ. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ನಿಲ್ಲಿಸಿದರೆ ವೈರಸ್ಸಿಗೆ ಹೊಸ ಮರಿ ಸಿಗುವುದಿಲ್ಲ, ನೊಣಗಳು ಸತ್ತ ಮರಿಗಳನ್ನು ಹೊರಹಾಕಿ ಕಣ ಚೊಕ್ಕಟ ಮಾಡಿಕೊಳ್ಳುತ್ತವೆ. ಮುಂದೆ ತಳಿ ಬೆಳೆಸುವಾಗ ರೋಗವನ್ನು ತಡೆದುಕೊಂಡು ಉಳಿದ ಕುಟುಂಬದ ರಾಣಿಗಳನ್ನೇ ಆರಿಸಿಕೊಳ್ಳಬೇಕು. ಈ ರೋಗ ಈಗಲೂ ಪೂರ್ತಿ ಹೋಗಿಲ್ಲ. ಆರೋಗ್ಯ ಗೊತ್ತಿಲ್ಲದ ದೂರದ ಕುಟುಂಬದ ರಾಣಿಯ ಜೊತೆ, ಎರಿಯ ಜೊತೆ, ಅದೂ ನಿಮ್ಮ ಮಹಡಿ ಹತ್ತಿ ಬರಬಹುದು. ನಿಮ್ಮ ಬೀದಿಯ ಬಿಸಿಲು, ಬಾಡಿದ ಜೂನ್ ತಿಂಗಳು, ಇರುವೆ, ಮೇಣದ ಹುಳು ಎಲ್ಲವನ್ನೂ ಕಂಡು ಎರಡು ವರ್ಷ ನಿಂತ ಪಕ್ಕದ ಮನೆಯ ಕುಟುಂಬದ ಮಗಳು ಇದಕ್ಕಿಂತ ಎಷ್ಟೋ ಮೇಲು.

ಆ ಮಗಳನ್ನು ತರಲು ಹೆಚ್ಚು ಸುಲಭದ ದಾರಿ ರಾಣಿಕೋಶ. ಮೆಲ್ಲಿಫೆರಾದಲ್ಲಿ ರಾಣಿಗಳನ್ನು ಮಾರಾಟಕ್ಕೆಂದೇ ಬೆಳೆಸುವುದು ದೊಡ್ಡ ಉದ್ಯಮವಾಗಿದೆ, ತುಡುವೆಯಲ್ಲಿ ಹಾಗಿಲ್ಲ. ನಮ್ಮಲ್ಲಿ ಕೈಗೆ ಸಿಗುವುದು ಕುಟುಂಬ ಪಾಲಾಗುವ ಕಾಲದ ಕೋಶಗಳು. ಮಳೆ ಹಿಂದೆ ಸರಿದು ಹೂವು ಹೆಚ್ಚಿದಾಗ ಬಲವಾದ ಕುಟುಂಬ ಎರಿಯ ಕೆಳ ಅಂಚಿನಲ್ಲಿ ಸಾಲಾಗಿ ಹಲವು ರಾಣಿಕೋಶ ಕಟ್ಟುತ್ತದೆ. ಒಂದಕ್ಕಿಂತ ಹೆಚ್ಚು ಇದ್ದಾಗ ಪಾಲಾಗಿ ಹಾರಿಹೋದೀತೆಂದು ಸಾಕುವವರು ಉಳಿದವನ್ನು ಕಿತ್ತೆಸೆಯುತ್ತಾರೆ. ಎಸೆಯಬೇಡಿ. ತುಡುವೆ ನೊಣಗಳು ರಾಣಿ ಹೊರಬರುವ ಮುನ್ನ ಕೋಶದ ತುದಿಯ ಮೇಣವನ್ನು ಕೆರೆದು ಕಂದು ಬಣ್ಣದ ಒಳಪದರವನ್ನು ಕಾಣಿಸುತ್ತವೆ. ಅಂಥ ಬಲಿತ ಕೋಶವನ್ನು ಸುತ್ತಲಿನ ಒಂದಿಷ್ಟು ಎರಿಯ ಸಮೇತ ಹರಿತವಾದ ಚಾಕುವಿನಿಂದ ಕತ್ತರಿಸಿ, ರಾಣಿ ಇಲ್ಲದ ಪೆಟ್ಟಿಗೆಯ ಮರಿ ಎರಿಯ ಅಂಚಿಗೆ, ಅದೇ ಕೆಳಮುಖವಾಗಿ ನಿಲ್ಲುವಂತೆ ಮೆತ್ತಗೆ ಅಂಟಿಸಬೇಕು. ಆಡಿಸಬಾರದು, ತಲೆಕೆಳಗು ಮಾಡಬಾರದು, ತಣ್ಣಗಾಗಲು ಬಿಡಬಾರದು. ಒಳಗಿರುವ ಜೀವ ಇನ್ನೂ ಮೆತ್ತಗಿರುತ್ತದೆ. ಕೋಶದಿಂದ ಹುಟ್ಟುವ ಕನ್ಯೆ ರಾಣಿಯನ್ನು ನೊಣಗಳು ಹುಟ್ಟಿದ ಕ್ಷಣದಿಂದ ತಮ್ಮದೆಂದೇ ನೋಡುವುದರಿಂದ ಪಂಜರದ ಗೊಡವೆ ಇಲ್ಲ. ಕೂಡಿ ಬರುವ ಅಪಾಯ ಮಾತ್ರ ಉಳಿಯುತ್ತದೆ.

ಇದನ್ನೆಲ್ಲ ಕೈಯಾರೆ ಕಲಿಯಲು ಪೂರ್ತಿ ದಿನ ಬಿಡುವು ಮಾಡಿಕೊಳ್ಳಬಲ್ಲವರಿಗೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನು ಕೃಷಿಗೆಂದೇ ವಿಭಾಗವಿದೆ. ಕೊಡಗಿನ ಭಾಗಮಂಡಲದಲ್ಲಿ ಹಳೆಯ ತರಬೇತಿ ಕೇಂದ್ರವಿದೆ. ಪುಸ್ತಕ ಓದಿ ರಾಣಿ ಹಿಡಿಯಲು ಬರುವುದಿಲ್ಲ, ಒಮ್ಮೆ ಬಲ್ಲವರ ಕೈಯನ್ನು ನೋಡಬೇಕು.

ರಾಣಿ ಬಿಡುಗಡೆಯಾದ ಮೇಲೆ ಒಂದು ವಾರ ಪೆಟ್ಟಿಗೆ ತೆರೆಯದೇ ಇರುವುದು ಹೆಚ್ಚಿನವರಿಗೆ ಕಷ್ಟವಾಗುತ್ತದೆ. ತೆರೆದರೆ ನೊಣಗಳು ಕದಡಿ ಹೊಸ ರಾಣಿಯ ಮೇಲೆಯೇ ತಿರುಗಿ ಬೀಳುವುದುಂಟು, ತುಡುವೆಯಾದರೆ ಇಡೀ ಕುಟುಂಬ ಎದ್ದು ಹೋಗುವುದೂ ಉಂಟು. ಹೊರಗಿನಿಂದಲೇ ಬಾಗಿಲನ್ನು ನೋಡಿ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ನೊಣಗಳು ಒಳಹೋಗುವುದು ಹೆಚ್ಚಾಗುತ್ತಿದ್ದರೆ ಒಳಗೆ ಉಣಿಸಲು ಮರಿಗಳಿವೆ. ಎಂಟನೆಯ ದಿನ ಬಿಸಿಲೇರಿದ ಮೇಲೆ, ತುಸುವೇ ಹೊಗೆ ಕೊಟ್ಟು, ನಡುವಿನ ಒಂದೇ ಚೌಕಟ್ಟನ್ನು ಎತ್ತಿ. ಕಣಕ್ಕೊಂದರಂತೆ ತಳದಲ್ಲಿ ಮೊಟ್ಟೆ ಕಂಡರೆ ಮತ್ತೇನನ್ನೂ ಹುಡುಕದೆ ಮುಚ್ಚಿಬಿಡಿ. ಅಲ್ಲಿಂದ ಮೂರು ವಾರಕ್ಕೆ ಹೊಸ ರಾಣಿಯ ಮೊದಲ ಕೆಲಸಗಾರ ನೊಣಗಳು ಕೋಶದಿಂದ ಹೊರಬರುತ್ತವೆ, ಎರಡು ತಿಂಗಳ ಹೊತ್ತಿಗೆ ಪೆಟ್ಟಿಗೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ನೊಣಗಳೂ ಅದರ ಮಕ್ಕಳೇ ಆಗಿರುತ್ತವೆ. ಸಿಡುಕಿನ ಕುಟುಂಬ ಸಾಧುವಾಯಿತೋ, ಮರಿ ಎರಿ ತುಂಬಿಕೊಂಡಿತೋ ಎಂಬ ತೀರ್ಮಾನಕ್ಕೆ ಬರಬೇಕಾದದ್ದು ಆಗ.